ಚಲುವಯ್ಯನವರ ಉದ್ದನೆಯ ಪ್ರಶ್ನೆ

ಪ್ರಶ್ನೆ ಕೇಳುವ ಮುನ್ನ ಚಲುವಯ್ಯನವರು ಕೋಟಿನ ಮೇಲಿನ ಗುಂಡಿಯನ್ನು ಹಾಕಿಕೊಳ್ಳುತ್ತಿದ್ದರು. ಎದುರಿಗೆ ಮನುಷ್ಯರು ಯಾರೂ ಇರುತ್ತಿರಲಿಲ್ಲ. ಇದ್ದದ್ದು ಹಲಸೂರು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಜಹನಾರಾ ನಡೆಸುತ್ತಿದ್ದ ಸೈಬರ್ ಕೆಫೆಯ ಕಂಪ್ಯೂಟರ್ ಪರದೆ ಮಾತ್ರ. ಆದರೂ ಆ ಪರದೆಯಾಚೆ ಅಪರಿಚಿತರಾದ ಸಜ್ಜನರು ಕುಳಿತಿದ್ದಾರೆ, ಅವರಲ್ಲಿ ಉಪಕಾರ ಬೇಡುವವನು ಅಸ್ತವ್ಯಸ್ತನಾಗಿ ಇರಕೂಡದು ಎಂಬುದು ಅವರ ನಿಷ್ಠೆ.

ಮೂವತ್ತೊಂದು ವರ್ಷ ಶಿವಾಜಿನಗರದ ಒಂದು ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದ ದೇಹ ಅದು. ನಿವೃತ್ತಿಯಾದ ಮೇಲೂ ಎಡಭುಜವನ್ನು ತುಸು ಮುಂದೆ ಚಾಚಿ, ಅಕ್ಷರಗಳ ಪೆಟ್ಟಿಗೆಯ ಮುಂದೆ ನಿಂತವರ ಹಾಗೆ ಓರೆಯಾಗಿ ನಡೆಯುತ್ತಿದ್ದರು. ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳ ಕಾಗುಣಿತವನ್ನು ತುಟಿಯಲ್ಲೇ ತಿದ್ದುತ್ತಿದ್ದರು. ಎರಡು ಸಾವಿರದ ಮೂರರ ಆ ಕಾಲದಲ್ಲಿ ಜಹನಾರಾಳ ಕಂಪ್ಯೂಟರಿನಲ್ಲಿ ಕನ್ನಡ ಮೂಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕಾದ ಅಪಚಾರವನ್ನು ಅವರು ಸಹಿಸಿಕೊಂಡರು, ಆದರೆ ದೀರ್ಘವನ್ನು ಬಿಟ್ಟುಕೊಡಲಿಲ್ಲ. "ಅಲ್ಲಿ ಇನ್ನೊಂದು ಎ ಹಾಕಮ್ಮ, ಎಳೀಬೇಕು ಅದು" ಎನ್ನುವರು. ಟೈಪು ಮಾಡುತ್ತಿದ್ದ ಜಹನಾರಾ ನಗುತ್ತ ಹಾಕುವಳು.

ಅವಳೇ ಅವರನ್ನು ಮೂರು ಇ-ಮೇಲ್ ಬಳಗಗಳಿಗೆ ಸೇರಿಸಿದ್ದಳು: ಓದುವವರದೊಂದು, ಗಿಡ ಬೆಳೆಸುವವರದೊಂದು, ನಾಯಿ ಸಾಕುವವರದೊಂದು. ಮೊದಲ ಪ್ರಶ್ನೆ ಹೋದದ್ದು ಓದುಗರಿಗೆ. 'ಸಾವಿರಾರು ಪುಟಗಳನ್ನು ಕೈಯಾರೆ ಜೋಡಿಸಿದ್ದೇನೆ, ಒಂದು ಪುಸ್ತಕವನ್ನೂ ಪೂರ್ತಿ ಓದಿಲ್ಲ. ಎಲ್ಲಿಂದ ಆರಂಭಿಸಲಿ?' ಹೆಸರುಗಳ ಪಟ್ಟಿಗಳು ಹರಿದುಬಂದವು. ತೇಜಶ್ರೀ ಎಂಬ ಕಾಲೇಜು ಹುಡುಗಿ ಮಾತ್ರ ಬೇರೆಯದನ್ನೇ ಬರೆದಳು: 'ನೀವೇ ಜೋಡಿಸಿದ ಪುಸ್ತಕದಿಂದ, ಸಾರ್.' ಎರಡು ಭಾನುವಾರ ಹಳೆಯ ಪುಸ್ತಕದಂಗಡಿಗಳನ್ನು ಅಲೆದು, ತಮ್ಮ ಅಚ್ಚುಕೂಟದ ಹೆಸರಿದ್ದ ಒಂದು ಪ್ರವಾಸಕಥನವನ್ನು ಅವರು ಎದೆಗವಚಿಕೊಂಡು ತಂದರು.

ಎರಡನೆಯ ಪ್ರಶ್ನೆ ಮಡದಿ ದೊಡ್ಡಮುನಿಯಮ್ಮನ ಗುಲಾಬಿಗಳದ್ದು. ಡಬ್ಬಗಳಲ್ಲಿ ನೆಟ್ಟ ಗಿಡಗಳು ಮೊಗ್ಗು ಬಿಡುತ್ತಿರಲಿಲ್ಲ. ಇಂದಿರಾನಗರದ ಭಗವಂತರಾಯರೆಂಬ ಅನುಭವಿ, ಹರಳೆಣ್ಣೆ ತೆಗೆದ ಮೇಲೆ ಉಳಿಯುವ ಹರಳಿಂಡಿಯನ್ನು ಬುಡಕ್ಕೆ ಹಾಕಿರೆಂದರು. ಚಲುವಯ್ಯನವರು ಕೃಷ್ಣರಾಜಪುರದ ಸಂತೆಯಿಂದ ಅದನ್ನು ತಂದು ಹಾಕಿದರು.

ಮೂರನೆಯ ಬೆಳಿಗ್ಗೆ ದೊಡ್ಡಮುನಿಯಮ್ಮ ಹಿತ್ತಲಿನಿಂದ ಕೂಗಿದಳು: "ರೀ, ಬನ್ನಿ ಇಲ್ಲಿ! ದಫೇದಾರ ಏಳ್ತಾನೇ ಇಲ್ಲ. ವಾಂತೀಲಿ ರಕ್ತ ಐತೆ."

ದಫೇದಾರನೆಂದರೆ ಅವರ ನಾಯಿ. ಬೀದಿಯಿಂದ ತಾನಾಗಿಯೇ ಬಂದು ಬಾಗಿಲ ಕಾವಲನ್ನು ವಹಿಸಿಕೊಂಡದ್ದು. ಔಷಧದಂಗಡಿಯವನು ಬಿಸಿಲಿನ ಝಳವೆಂದು ಹೇಳಿ ಮಜ್ಜಿಗೆ ಕುಡಿಸಹೇಳಿದ. ಮಧ್ಯಾಹ್ನದ ಹೊತ್ತಿಗೆ ನಾಯಿಯ ಕಾಲುಗಳು ತಣ್ಣಗಾದವು. ಚಲುವಯ್ಯನವರು ಕೆಫೆಗೆ ಓಡಿದರು.

ಅಂಥ ಗಳಿಗೆಯಲ್ಲೂ ಅವರ ಪ್ರಶ್ನೆ ಗಿಡ್ಡವಾಗಲಿಲ್ಲ. ನಾಯಿಯ ವಯಸ್ಸು, ತಿಂದ ಅನ್ನ, ಮಲಗುವ ಜಾಗ, ಆ ಜಾಗದ ಪಕ್ಕದ ಗುಲಾಬಿ ಡಬ್ಬಗಳು, ಡಬ್ಬಗಳಿಗೆ ಹಾಕಿದ ಗೊಬ್ಬರ, ಎಲ್ಲವನ್ನೂ ಹೇಳುತ್ತಲೇ ಹೋದರು.

"ಚಾಚಾ, ನಾಯಿ ವಿಷ್ಯಕ್ಕೆ ಗುಲಾಬಿ ಯಾಕೆ? ಬಿಟ್ಬಿಡ್ಲಾ?" ಎಂದಳು ಜಹನಾರಾ.

"ಬಿಡ್ಬೇಡಮ್ಮ. ಕೇಳೋನಿಗೆ ಯಾವ್ದು ಬೇಕು, ಯಾವ್ದು ಬೇಡ ಅಂತ ಗೊತ್ತಿರಲ್ಲ. ಗೊತ್ತಿದ್ರೆ ಯಾಕೆ ಕೇಳ್ತಿದ್ದೆ?"

ಹತ್ತೇ ನಿಮಿಷದಲ್ಲಿ ದೊಮ್ಮಲೂರಿನ ಸುಕನ್ಯ ಎಂಬಾಕೆಯ ಉತ್ತರ ಬಂತು: 'ಹರಳಿಂಡಿ ನಾಯಿಗೆ ವಿಷ. ವಾಸನೆಗೆ ಮರುಳಾಗಿ ತಿಂದಿರುತ್ತದೆ. ಈಗಲೇ ಪಶುವೈದ್ಯರ ಬಳಿಗೆ ಒಯ್ಯಿರಿ, ಮೊದಲು ಇದನ್ನೇ ಹೇಳಿ.'

ಜಹನಾರಾ ಅಂಗಡಿಗೆ ಬೀಗ ಹಾಕಿ, ತನ್ನ ತಮ್ಮ ಅಮೀರನ ಆಟೋವನ್ನು ಕರೆಸಿದಳು. ದೊಡ್ಡಮುನಿಯಮ್ಮನ ಮಡಿಲಲ್ಲಿ, ಹಳೆಯ ಕಂಬಳಿಯೊಳಗೆ ದಫೇದಾರ ಆಸ್ಪತ್ರೆಗೆ ಹೋದ. ಕಾರಣ ತಿಳಿದಿದ್ದರಿಂದ ವೈದ್ಯರು ಹುಡುಕಾಟದಲ್ಲಿ ಹೊತ್ತು ಕಳೆಯಲಿಲ್ಲ. ಕಾಲಿಗೆ ಸೂಜಿ ಚುಚ್ಚಿ ಡ್ರಿಪ್ ಏರಿಸಿದರು. "ಎರಡು ದಿನ ದಾಟಿದ್ರೆ ಉಳಿಯುತ್ತೆ" ಎಂದರು.

ಆ ಎರಡು ದಿನ ಗಂಡಹೆಂಡಿರಿಬ್ಬರೂ ಆಸ್ಪತ್ರೆಯ ಬೆಂಚಿನಲ್ಲಿ ಕಳೆದರು. "ನನ್ನ ಕೈಯಾರೆ ಹಾಕ್ದೆ ಕಣೆ" ಎಂದರು ಚಲುವಯ್ಯನವರು. ದೊಡ್ಡಮುನಿಯಮ್ಮ ಅವರ ಚೀಲದಿಂದ ಪ್ರವಾಸಕಥನವನ್ನು ತೆಗೆದು ಮುಂದೆ ಹಿಡಿದಳು. ಆಕೆಗೆ ಓದು ಬರುತ್ತಿರಲಿಲ್ಲ. ಅವರು ಗಟ್ಟಿಯಾಗಿ ಓದತೊಡಗಿದರು. ಯಾತ್ರಿಕರು ನದಿ ದಾಟಿ ಬೆಟ್ಟ ಹತ್ತುವ ಹೊತ್ತಿಗೆ ಎರಡನೆಯ ಸಂಜೆಯಾಗಿತ್ತು. ದಫೇದಾರ ಕತ್ತೆತ್ತಿ, ಬಾಲವನ್ನೊಮ್ಮೆ ನೆಲಕ್ಕೆ ಬಡಿದ.

"ನಿಲ್ಲಿಸ್ಬೇಡಿ ಕಣ್ರೀ, ಓದಿ. ಕೇಳ್ತಾವ್ನೆ" ಎಂದಳು ದೊಡ್ಡಮುನಿಯಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. ಕಣ್ಣು ಮಂಜಾಗಿ ಚಲುವಯ್ಯನವರಿಗೆ ಅಕ್ಷರಗಳು ಕಾಣಿಸುತ್ತಿರಲಿಲ್ಲ. ಕಣ್ಣೊರೆಸಿಕೊಂಡು, ಆ ಪುಟವನ್ನು ಅವರು ಎರಡು ಸಲ ಓದಿದರು.

ನಾಯಿ ಮನೆಗೆ ಬಂದ ಮೇಲೆ ಗಿಡದ ಬಳಗಕ್ಕೆ ಒಂದು ಇ-ಮೇಲ್ ಹೋಯಿತು. ಅದರಲ್ಲಿ ಆರೋಪವಿರಲಿಲ್ಲ; 'ನನ್ನ ಮನೆಯಲ್ಲಿ ನಾಯಿಯಿದೆಯೆಂದು ನಿಮಗೆ ತಿಳಿಸದೆ ಹೋದದ್ದು ನನ್ನ ತಪ್ಪು' ಎಂದಿತ್ತು. ಮರುದಿನ ಭಗವಂತರಾಯರು ಹರಳಿಂಡಿಯ ಬದಲಿಗೆ ಬೇವಿನ ಹಿಂಡಿಯ ಚೀಲ ಹಿಡಿದು ತಾವೇ ಹಲಸೂರಿಗೆ ಬಂದು, ದಫೇದಾರನ ತಲೆ ನೇವರಿಸಿ, ಬಹಳ ಹೊತ್ತು ಕುಳಿತು ಹೋದರು.

ಬಲ್ಲವರನ್ನು ಲೋಕ ಸದಾ ಗೌರವಿಸುತ್ತದೆ. ಕೇಳುವವರನ್ನು ಕಂಡರೆ ಅದಕ್ಕೆ ಸ್ವಲ್ಪ ನಗು. ಆದರೆ ತನ್ನ ಅಜ್ಞಾನವನ್ನು ಒಂದೆಳೆಯೂ ಮುಚ್ಚಿಡದೆ, ಗುರುತಿಲ್ಲದವರ ಮುಂದೆ ಹರವಿಟ್ಟು ಕಾಯಬಲ್ಲವರು ಮನುಷ್ಯರ ಒಳ್ಳೆಯತನದ ಮೇಲೆ ಅಪಾರ ನಂಬಿಕೆಯುಳ್ಳವರು. ಅಂಥವರು ಕೇಳಿದಾಗಲೇ ಎಲ್ಲಿಯೋ ಒಬ್ಬರಿಗೆ ತಮ್ಮೊಳಗೂ ಕೊಡುವುದಕ್ಕೆ ಏನೋ ಇದೆಯೆಂಬುದು ತಿಳಿಯುತ್ತದೆ.