ಉಳಿದ ಮಂದಿ

ತೊಯ್ದ ಕುಂಚ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮನೆಗೆ ಸುಣ್ಣ ಬಳಿಯಲು ಬಂದವನದು ಪಾಪ ಏನೂ ತಪ್ಪಿಲ್ಲ. ಆದರೂ ಅವನು ಕುಂಚ ತೊಳೆದು ಬಿಸಿಲಿಗಿಟ್ಟರೆ ನಾನು ಎದ್ದು ಒಳಗೆ ಹೋಗುತ್ತೇನೆ.

ನಮ್ಮದು ನೇಕಾರರ ಓಣಿ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದೆಳೆಗಳನ್ನು, ಓಣಿಯುದ್ದಕ್ಕೂ ಎರಡು ಗೂಟಗಳ ನಡುವೆ ಬಿಗಿದು, ಗಂಜಿ ಹಚ್ಚಿ, ಬಿಸಿಲೇರುವುದರೊಳಗೆ ಕುಂಚದಿಂದ ತೀಡಿ ಎಳೆ ಎಳೆ ಬಿಡಿಸಬೇಕು. ಅದು ಇಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಯಾರ ಹಾಸೇ ಇರಲಿ, ಮನೆಗೊಬ್ಬರು ತಮ್ಮ ಕುಂಚ ತೋಯಿಸಿಕೊಂಡು ಬರುವುದು ಪದ್ಧತಿ. ಕರೆಯುವಂತಿಲ್ಲ. ಕರೆಸಿಕೊಂಡರೆ ಓಣಿಗೇ ಅವಮಾನ.

ಕಾಶಪ್ಪ, ಸಾವಂತ್ರೆವ್ವ ಎಂಬ ಗಂಡ ಹೆಂಡತಿ ಅಲ್ಲಿಗೆ ಹೊಸದಾಗಿ ಬಂದಾಗ ನನಗೆ ಹದಿನಾರು. ಬಂದ ದಿನ ಕಾಶಪ್ಪ ಮಗ್ಗದ ತೊಲೆ ಹೆಗಲಿಗೇರಿಸಿಕೊಂಡು ನಮ್ಮ ಕಟ್ಟೆಯ ಮುಂದೆ ಹಾದುಹೋದ. ತಲೆ ಎತ್ತಲಿಲ್ಲ, ಮಾತಾಡಿಸಲಿಲ್ಲ. ಓಣಿಗೆ ಹಿರಿಯನಾಗಿದ್ದ ಅಪ್ಪ ಎಲೆ ಅಡಿಕೆ ಜಗಿಯುತ್ತ, "ಸೊಕ್ಕಿನ ಮನಷ್ಯಾ ಕಾಣತಾನ" ಅಂದ. ಅಷ್ಟು ಭಾರ ಹೊತ್ತವನು ತಲೆ ಎತ್ತುವುದಾದರೂ ಹೇಗೆ? ಯಾರೂ ಕೇಳಲಿಲ್ಲ. ಸಂಜೆಯೊಳಗೆ ಆ ಮಾತು ಹದಿಮೂರು ಮನೆ ಸುತ್ತಿ ಬಂತು.

ಆಮೇಲೆ ಅವನು ನೆರೆಮನೆಯ ಕಲ್ಲವ್ವನ ಮಗ್ಗ ಸರಿಮಾಡಿಕೊಟ್ಟ. ಅವ್ವನಿಗೆ ಜ್ವರ ಬಂದಾಗ ಸಾವಂತ್ರೆವ್ವ ಮೂರು ದಿನ ನಮಗೆ ನೀರು ತಂದುಹಾಕಿದಳು. ಆದರೂ ಹೆಸರು ಮಾತ್ರ ಸೊಕ್ಕಿನವರದೇ.

ಒಂದು ಬೆಳಿಗ್ಗೆ ಅವರು ತಮ್ಮ ಮೊದಲ ಹಾಸು ಬಿಗಿದರು. ತಂದಿದ್ದ ನೂಲೆಲ್ಲ ಅದರಲ್ಲೇ ಇತ್ತು. ಅದು ಕೆಟ್ಟರೆ ಮಗ್ಗ ಬರಿದು. ಗಂಜಿ ಹಚ್ಚಿ ಇಬ್ಬರೇ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದರು. ಎಲ್ಲರ ಬಾಗಿಲೂ ಅರ್ಧ ತೆರೆದಿತ್ತು. ಒಬ್ಬರೂ ಹೊರಬರಲಿಲ್ಲ.

ನಾನು ಕುಂಚ ತೋಯಿಸಿಕೊಂಡು ಹೊಸ್ತಿಲಿಗೆ ಬಂದೆ. ಅವ್ವ ನನ್ನ ಸೆರಗು ಹಿಡಿದು ಜಗ್ಗಿದಳು.

"ಪಾಪ, ನನಗೇನ ಅವರ ಮ್ಯಾಲ ಸಿಟ್ಟೈತೇನು? ಆದ್ರ ಉಳಿದ ಮಂದಿ ಏನಂತಾರ?"

ಹಿತ್ತಲಿನಿಂದ ಹಾಯ್ದು ಮೂಲೆಮನೆಯ ಈರಣ್ಣ ಕಾಕಾನ ಹತ್ತಿರ ಹೋಗಿ, ನೀನಾದರೂ ಬಾ ಎಂದು ಕೇಳಿದೆ. "ಬಂಗಾರದಂಥಾ ಮನಷ್ಯಾ ಅಂವಾ. ಖರೇ ಹೇಳ್ತೀನಿ. ಆದ್ರ ಉಳಿದ ಮಂದಿ..." ಎಂದು ಆತ ತಲೆ ಕೆರೆದುಕೊಂಡ. ಇನ್ನೆರಡು ಮನೆಗಳಲ್ಲೂ ಅದೇ ಹಾಡು. ಯಾರವ್ವಾ ಈ ಉಳಿದ ಮಂದಿ! ಯಾವ ಮನೆಯಲ್ಲಿದ್ದಾರೆ ಇವರು?

ಕಡೆಗೆ ಕಲ್ಲವ್ವನ ಮನೆ. ಅವಳ ಕುಂಚದಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಸುಕಿನ್ಯಾಗ ತೋಯಿಸಿ ಇಟ್ಟೀನಿ ನೋಡ ತಂಗಿ. ನಿಮ್ಮಪ್ಪ ಹೊರಗ ಬರಲಿ ಅಂತ ಕಾಯಾಕತ್ತೀನಿ. ಅಂವಗ ಆ ಮನಷ್ಯಾ ಸೇರಂಗಿಲ್ಲಲ್ಲ?"

ಮನೆಗೆ ಓಡಿ ಬಂದೆ. ನಡುಮನೆಯಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿದ್ದ. ತೊಡೆಯ ಮೇಲೆ ಅವನ ಕುಂಚ. ಧೋತರವೆಲ್ಲ ತೊಯ್ದಿತ್ತು.

"ಅಪ್ಪಾ, ಏಳು!"

"ಯಾರೂ ಬರವಲ್ಲರಲ್ಲ," ಎಂದ ಅಪ್ಪ ಮೆಲ್ಲಗೆ. "ನಾ ಒಬ್ಬಾಂವ ಮೊದಲ ಹೆಂಗ ಹೋಗ್ಲಿ?"

ಥೂ! ಹಿರಿಯ ಅನ್ನಿಸಿಕೊಂಡವನ ಬಾಯಲ್ಲಿ ಬರುವ ಮಾತೇ ಅದು?

ನಾನು ಬೀದಿಗೆ ಹಾರಿದೆ. ಬಿಸಿಲು ಹಾಸಿನ ಮೇಲೆ ಪೂರ್ತಿ ಬಿದ್ದಿತ್ತು. ಎಳೆಗಳು ಒಂದಕ್ಕೊಂದು ಅಂಟಿ ಹಪ್ಪಳದಂತೆ ಸೆಟೆದಿದ್ದವು. ಕುಂಚ ತಾಗಿಸಿದಲ್ಲೆಲ್ಲ ಪಟಪಟನೆ ಹರಿದವು. ಸಾವಂತ್ರೆವ್ವ ಗೂಟ ಹಿಡಿದು ನೆಲಕ್ಕೆ ಕುಸಿದಿದ್ದಳು.

"ಒಣಗೇತಿ, ಬಿಡ ತಂಗಿ," ಅಂದ ಕಾಶಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ವಾರದೊಳಗೆ ಅವರು ಊರು ಬಿಟ್ಟರು. ಓಣಿಯವರನ್ನು ನಾನು ಎಷ್ಟೋ ವರ್ಷ ಬೈದುಕೊಂಡೆ, ಅಪ್ಪನನ್ನು ಎಲ್ಲರಿಗಿಂತ ಹೆಚ್ಚು. ಆದರೆ ನನ್ನ ಕಾಲು ಗಟ್ಟಿಯಾಗೇ ಇತ್ತಲ್ಲ? ಹೊಸ್ತಿಲಿನಿಂದ ಆ ಹಾಸಿನವರೆಗೆ ಹತ್ತೇ ಹೆಜ್ಜೆ. ಅದನ್ನು ಬಿಟ್ಟು ಹಿತ್ತಲ ದಾರಿಯಲ್ಲಿ ಮನೆಮನೆ ಕೇಳುತ್ತ ತಿರುಗಿದವಳು ನಾನೇ.

ಹಾಸು ಕೆಟ್ಟ ಆ ದಿನವೇ ಮಧ್ಯಾಹ್ನ ಹೊರಗೆ ಬಂದಾಗ ಕಟ್ಟೆಕಟ್ಟೆಯ ಮೇಲೂ ಒಂದೊಂದು ಕುಂಚ ಒಣಗಲು ಇಟ್ಟಿತ್ತು. ಎಣಿಸಿದೆ, ಮನೆಗೊಂದರಂತೆ ಹದಿಮೂರು. ನಮ್ಮ ಕಟ್ಟೆಯ ಮೇಲೆ ಅಪ್ಪನದರ ಪಕ್ಕ ನನ್ನದನ್ನೂ ಅವ್ವ ತೊಳೆದಿಟ್ಟಿದ್ದಳು. ನನ್ನದೊಂದನ್ನು ಬಿಟ್ಟರೆ ಉಳಿದ ಯಾವುದಕ್ಕೂ ಗಂಜಿ ತಾಗಿರಲಿಲ್ಲ. ಬರೀ ನೀರು ಸೋರುತ್ತಿತ್ತು.