ಒಂದೊಂದೇ ಹೇಳಿ

ನಮ್ಮ ಮಾವನನ್ನು, ಅಂದರೆ ಅಮ್ಮನ ತಮ್ಮನನ್ನು, ಬೀದಿಯವರೆಲ್ಲ ಮಿಲಿಟರಿ ಮಾವ ಎನ್ನುತ್ತಾರೆ. ಗಡಿಯಲ್ಲಿ ನೆಲಬಾಂಬು ಸಿಡಿದಾಗ ಹೆಲ್ಮೆಟ್ಟು ಅವನ ತಲೆಬುರುಡೆಯನ್ನು ಉಳಿಸಿತು; ಒಳಗಿನ ಮಿದುಳು ಮಾತ್ರ ಅಲುಗಿಹೋಯಿತು. ಅಜ್ಜಿ ಅದನ್ನೂ ಕಥೆ ಮಾಡಿ ಹೇಳುತ್ತಿದ್ದಳು: "ನಿನ್ನ ಮಾವನ ತಲೇಲಿ ಏಳು ಬಾಗಿಲ ಅರಮನೆ ಇತ್ತು ಕಣೇ. ಆರು ಮುಚ್ಚಿಹೋದವು. ಈಗಿರೋದು ಒಂದೇ ಬಾಗಿಲು. ಒಂದು ಸಲಕ್ಕೆ ಒಬ್ಬರೇ ಒಳಗೆ ಹೋಗ್ಬೇಕು." ಡಾಕ್ಟರು ಬರೆದುಕೊಟ್ಟ ಮೂರು ಪುಟಗಳಿಗಿಂತ ನನಗೆ ಹೆಚ್ಚು ಅರ್ಥವಾದದ್ದು ಅದೇ.

ಮನೆಯಲ್ಲಿ ನಾನೂ ಮಾವನೂ ಹಳೆ ಕುರ್ಚಿ ರಿಪೇರಿ ಮಾಡುತ್ತೇವೆ. ಕಾಲು, ಬೆನ್ನು ಅವನ ಪಾಲು. ಬೆತ್ತ ಹೆಣೆಯುವುದು ನನ್ನದು. ಎರಡು ಮಾತು ಒಟ್ಟಿಗೆ ಹೇಳಿದರೆ ಅವನು ಕಲ್ಲಾಗುತ್ತಾನೆ. ಆಗ ಯಾರಾದರೂ ಮೈ ಮುಟ್ಟಿದರೆ ಅವನ ಕೈ ತಾನಾಗಿ ಎದ್ದುಬಿಡುತ್ತದೆ. ಹೋದ ವರ್ಷ ಬಸ್ ನಿಲ್ದಾಣದಲ್ಲಿ ಹಾಗೆಯೇ ಒಬ್ಬ ಪೊಲೀಸಿನವನನ್ನು ತಳ್ಳಿ ಹದಿನೆಂಟು ದಿನ ಜೈಲಿನಲ್ಲಿದ್ದ. ಇನ್ನೊಂದು ಕೇಸಾದರೆ ಎರಡು ವರ್ಷ ಎಂದು ನ್ಯಾಯಾಧೀಶರು ಹೇಳಿಯೇ ಕಳಿಸಿದ್ದರು.

ಇವತ್ತು ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯವರ ಫೋನು ಬಂತು. "ಬೇಗ ಬಾಮ್ಮ. ಯಾರೋ ಕುಡುಕ ಸುತ್ತಿಗೆ ಹಿಡ್ಕೊಂಡಿದಾನೆ ಅಂತ ಗಿರಾಕಿ ಒಬ್ರು ಪೊಲೀಸ್ ಕರೆಸಿದಾರೆ. ನೋಡಿದ್ರೆ ನಿಮ್ಮ ಮಾವ!" ಹೆಣೆಯುತ್ತಿದ್ದ ಬೆತ್ತವನ್ನು ಅಲ್ಲೇ ಬಿಸಾಕಿ ಓಡಿದೆ.

ಮೊಳೆ ಡಬ್ಬಿಗಳ ಸಾಲಿನ ಮುಂದೆ ಮಾವ, ಬೆಲೆಚೀಟಿ ನೇತಾಡುವ ಹೊಸ ಸುತ್ತಿಗೆ ಹಿಡಿದು, ಸ್ವಲ್ಪ ವಾಲಿಕೊಂಡು ನಿಂತಿದ್ದ. ಎದುರಿಗೆ ಇನ್ಸ್‌ಪೆಕ್ಟರು, ಬೆನ್ನ ಹಿಂದೆ ಕಾನ್‌ಸ್ಟೇಬಲ್.

"ಸುತ್ತಿಗೆ ಕೆಳಗಿಡು, ಕೈ ಮೇಲೆತ್ತು, ಹೆಸರು ಹೇಳು! ಕೇಳಿಸ್ತಾ ಇಲ್ವಾ?"

ಮೂರು ಅಪ್ಪಣೆ, ಒಂದು ಪ್ರಶ್ನೆ. ಒಂದೇ ಬಾಗಿಲಲ್ಲಿ ನಾಲ್ವರು ಸಿಕ್ಕಿಹಾಕಿಕೊಂಡಿದ್ದರು. ಕಾನ್‌ಸ್ಟೇಬಲ್ ಮಾವನ ತೋಳಿಗೆ ಕೈ ಚಾಚಿದ.

"ಮುಟ್ಟಬೇಡಿ!" ಎಂದು ಕೂಗಿದೆ. ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು.

"ನೀನ್ಯಾರಮ್ಮ?" ಎಂದರು ಇನ್ಸ್‌ಪೆಕ್ಟರು.

"ಅವರ ಅಕ್ಕನ ಮಗಳು. ಅವರು ಕುಡಿದಿಲ್ಲ ಸಾರ್. ಯುದ್ಧದಲ್ಲಿ ತಲೆಗೆ ಪೆಟ್ಟಾಗಿದೆ. ಒಂದೊಂದೇ ಹೇಳಿ, ಎಲ್ಲಾ ಮಾಡ್ತಾರೆ."

"ನಾನೇನು ಇಲ್ಲಿ ಮಗ್ಗಿ ಹೇಳಿಕೊಡೋಕೆ ಬಂದಿದೀನಾ?"

"ಹಾಗೇ ಅಂದ್ಕೊಳ್ಳಿ ಸಾರ್. ಒಂದರಿಂದ ಶುರು ಮಾಡಿ."

ಅಂಗಡಿಯವರು ಕೆಮ್ಮಿ ನಗು ನುಂಗಿದರು. ಇನ್ಸ್‌ಪೆಕ್ಟರು ನನ್ನನ್ನು ದುರುಗುಟ್ಟಿ ನೋಡಿ ಮಾವನತ್ತ ತಿರುಗಿದರು. "ಸುತ್ತಿಗೆ ಕೆಳಗಿಡಿ."

ಒಂದು ಉಸಿರು, ಎರಡು, ಮೂರು. ಕಾನ್‌ಸ್ಟೇಬಲ್ ಚಡಪಡಿಸಿದ, ನಾನು ಬೆರಳೆತ್ತಿ ತಡೆದೆ. ನಾಲ್ಕನೆಯ ಉಸಿರಿಗೆ ಮಾವ ಬಗ್ಗಿ, ನಿದ್ದೆಹೋದ ಕೂಸನ್ನು ಮಲಗಿಸುವ ಹಾಗೆ ಸುತ್ತಿಗೆಯನ್ನು ನೆಲಕ್ಕಿಟ್ಟ.

"ಕೈ ಮೇಲೆತ್ತಿ."

ಎತ್ತಿದ.

"ಹೆಸರು?"

ಹೇಳಿದ. ಕೇಳದಿದ್ದರೂ ಸೈನ್ಯದ ನಂಬರನ್ನೂ ಸೇರಿಸಿದ.

ಇನ್ಸ್‌ಪೆಕ್ಟರು ಹತ್ತಿರ ಹೋಗಿ ಮೂಸಿದರು. ವಾರ್ನಿಷ್ ಬಿಟ್ಟು ಬೇರೆ ವಾಸನೆ ಸಿಕ್ಕಿರಲಾರದು. ಕೈಲಿದ್ದ ನೋಟ್ ಪುಸ್ತಕ ಮುಚ್ಚಿ, "ಕೇಸೇನೂ ಇಲ್ಲ ಬಿಡಿ," ಎಂದು ಹೊರಟರು.

ಮಾವ ಕೈ ಎತ್ತಿಕೊಂಡೇ ನಿಂತಿದ್ದ.

"ಸಾಕು ಇಳಿಸಪ್ಪಾ," ಎಂದರು ಅಂಗಡಿಯವರು. ಅವನು ಕದಲಲಿಲ್ಲ.

"ಸಾರ್, ನಮ್ಮ ಮಾತು ನಡೆಯಲ್ಲ," ಎಂದು ನಾನು ಇನ್ಸ್‌ಪೆಕ್ಟರನ್ನು ಕರೆದೆ. "ಎತ್ತು ಅಂದೋರೇ ಇಳಿಸು ಅನ್ಬೇಕು. ಮಿಲಿಟರಿ ಪದ್ಧತಿ."

ಅವರು ಹೊಸ್ತಿಲಿಂದ ತಿರುಗಿದರು. "ಕೈ ಇಳಿಸಿ, ಮನೆಗೆ..." ಎಂದವರು ನಾಲಿಗೆ ಕಚ್ಚಿಕೊಂಡರು. "ಅಲ್ಲ. ಕೈ ಇಳಿಸಿ."

ಮಾವ ಇಳಿಸಿದ. ಆಮೇಲೆ ನೆಟ್ಟಗೆ ನಿಂತು ಕೇಳಿದ: "ಎರಡನೇದು?"