ಬಣ್ಣ ಒಪ್ಪದ ಹಸು

ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯನವರಿಗೆ ಹೊಳಪೆಂದರೆ ಪ್ರಾಣ. ಚಪ್ಪಲಿ ಹೊಳೆಯಬೇಕು, ಸ್ಕೂಟರ್ ಹೊಳೆಯಬೇಕು, ಹೊಸದಾಗಿ ಕಟ್ಟಿಸಿದ ಮನೆಯಂತೂ ಕಡೂರಿನ ಕಲ್ಯಾಣ ಮಂಟಪಕ್ಕೇ ಸಡ್ಡು ಹೊಡೆಯಬೇಕು. ಅವರ ಹೆಂಡತಿ ಮಲ್ಲಿಕಾಂಬ ಅವರಿಗೋ ಮೂವತ್ತು ವರ್ಷದ ಉಬ್ಬಸ. ಒಗ್ಗರಣೆಯ ಘಾಟಿಗೂ ಎದೆ ಸುಯ್ ಎನ್ನುತ್ತದೆ.

“ರೀ, ಗೋಡೆಗೆ ಸುಣ್ಣ ಬಳಿಸಿ ಸಾಕು. ಆ ಎಣ್ಣೆ ಬಣ್ಣದ ವಾಸನೆ ನಂಗಾಗಲ್ಲ” ಎಂದು ಆಕೆ ಪಾಯ ತೋಡಿದ ದಿನದಿಂದ ಹೇಳುತ್ತಲೇ ಇದ್ದರು.

ಸೊಸೆ ಸಂಗೀತಾ ಅತ್ತೆಯ ಪಕ್ಷ. “ಮಾವ, ಕೆಲವು ಪೇಂಟು, ಅಗ್ಗದ ಹಲಗೆಯ ಅಂಟು, ಒಣಗಿದ್ಮೇಲೂ ತಿಂಗಳುಗಟ್ಟಲೆ ಗಾಳಿಗೆ ಕೆಮಿಕಲ್ ಬಿಡ್ತವೆ. ಕಮ್ಮಿ ಬಿಡೋದು ಅಂತ ಡಬ್ಬಿ ಮೇಲೇ ಬರೆದಿರೋವು ಸಿಗ್ತವೆ, ಅದನ್ನೇ ತನ್ನಿ.”

“ಸುಣ್ಣ ಬಳಿಯೋಕೆ ನಮ್ದೇನು ಕೊಟ್ಟಿಗೆನಾ? ವಾಸನೆ ನಾಕು ದಿನಕ್ಕೆ ಹೋಯ್ತದೆ ಬಿಡಮ್ಮ” ಎಂದ ಗಂಗಾಧರಯ್ಯ ತರೀಕೆರೆಗೆ ಹೋಗಿ, ಕನ್ನಡಿಯಂತೆ ಮಿರುಗುವ ಎಣ್ಣೆ ಬಣ್ಣವನ್ನೂ ಮರದ ಪುಡಿ ಒತ್ತಿ ಮಾಡಿದ ಹಲಗೆಯ ಬೀರುಗಳನ್ನೂ ತಂದರು. ಗೃಹಪ್ರವೇಶಕ್ಕೆ ನಾಲ್ಕು ದಿನ ಇರುವಾಗ ಬಣ್ಣದ ಕೆಲಸ ಮುಗಿಯಿತು. ಅಲ್ಲಿಯವರೆಗೆ ಯಾರ ಕಣ್ಣೂ ಬೀಳಬಾರದೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿಸಿ, ಬಾಗಿಲಿಗೆ ಬೂದುಗುಂಬಳ ಕಟ್ಟಿಸಿ, ಬೀಗ ಜಡಿದರು. ದೃಷ್ಟಿ ಹೊರಗೆ ಉಳಿಯಿತು, ವಾಸನೆ ಒಳಗೆ ಉಳಿಯಿತು.

ಮುಹೂರ್ತದ ಬೆಳಿಗ್ಗೆ ಊರಿನ ದನಗಾಹಿ ಓಬಳಪ್ಪ ತನ್ನ ಅಮೃತಮಹಲ್ ಹಸುವನ್ನು ಸಿಂಗರಿಸಿ ತಂದ. ಮೊದಲು ಹಸು ಒಳಗೆ ಹೋಗಬೇಕು, ಅದರ ಹಿಂದೆ ಹಾಲಿನ ಪಾತ್ರೆ ಹಿಡಿದ ಮನೆಯೊಡತಿ. ಬಾಗಿಲು ತೆರೆದದ್ದೇ ತಡ, ಹಸು ಮೂಗರಳಿಸಿ ಬುಸ್ ಎಂದು ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಬೆಲ್ಲ ತೋರಿಸಿದರು. ಕತ್ತು ಚಾಚಿ ಬೆಲ್ಲ ತಿಂದು, ಮತ್ತೆ ಹಿಂದಕ್ಕೆ. ಓಬಳಪ್ಪ ಹಗ್ಗ ಜಗ್ಗಿದ. ಹಸು ಕೊಂಬು ಆಡಿಸಿತು.

“ಅಪಶಕುನ” ಎಂದು ಯಾರೋ ಗೊಣಗಿದರು.

“ಶಕುನ ಅಲ್ಲ ಕಣ್ರೀ, ನಾತ! ನನ್ ಕಣ್ಣಲ್ಲೇ ನೀರು ಬರ್ತಾವೆ” ಎಂದ ಓಬಳಪ್ಪ.

ಜನ ಗೊಳ್ಳೆಂದು ನಕ್ಕರು. ಗಂಗಾಧರಯ್ಯನವರಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ರೇಗಲಿ ಎಂದು ತಿರುಗಿದರೆ ಎದುರಿಗೆ ಮಲ್ಲಿಕಾಂಬ. ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದು ಕೈಯಲ್ಲಿ ಸೆರಗಿನ ಮರೆಯಲ್ಲಿ ಹಿಡಿದ ಇನ್‌ಹೇಲರ್. ನಾಲ್ಕು ಜನರ ಮುಂದೆ ಗಂಡನ ಮರ್ಯಾದೆ ಹೋಗಬಾರದೆಂದು ಒಳಗೆ ಹೋಗಲು ಆಕೆ ಸಿದ್ಧರಾಗಿಯೇ ನಿಂತಿದ್ದರು. ಹಸುವಿಗೆ ಬೇಡವೆನ್ನುವ ಧೈರ್ಯವಿತ್ತು. ಈಕೆಗೆ ಆ ಧೈರ್ಯ ಇಲ್ಲದಂತೆ ಮಾಡಿದ್ದು ತಾನೇ ಎಂದು ಗಂಗಾಧರಯ್ಯನವರಿಗೆ ಹೊಳೆಯಿತು. ನಾಚಿಕೆಯಾಯಿತು.

“ಹಾಲು ಅಂಗಳದಲ್ಲೇ ಉಕ್ಸಿ. ಊಟ ಚಪ್ಪರದಲ್ಲಿ. ಪ್ರವೇಶ ಮುಂದಿನ್ ತಿಂಗಳು!” ಎಂದು ಕೂಗಿಬಿಟ್ಟರು.

ಬಂದವರು ಹೋಳಿಗೆ ಹೊಡೆದು ಹೋದರು. ಮರುದಿನದಿಂದ ಕಿಟಕಿಗಳೆಲ್ಲ ತೆರೆದವು. ಸುಣ್ಣದ ಕೆಲಸದ ಕರಿಯಪ್ಪ ಹೊಳೆಯುವ ಬಣ್ಣವನ್ನೆಲ್ಲ ಕೆರೆದು, ನೀರಲ್ಲಿ ಅರಳಿಸಿದ ಸುಣ್ಣ ಎರಡು ಸಲ ಬಳಿದ. ನೀರು ಬೀಳುವ ಕಡೆಗೆ ಸಂಗೀತಾ ಡಬ್ಬಿ ಓದಿ ಓದಿ ಆರಿಸಿದ ಬಣ್ಣ. ಬೀರುಗಳು ವಾಪಸಾಗಿ, ಹಳೇ ಹಲಸಿನ ಹಲಗೆಯವು ಬಂದವು. ಅವಕ್ಕೆ ವಾರ್ನಿಷ್ ಬದಲು ಜೇನುಮೇಣ ಉಜ್ಜಿದರು.

ಎರಡನೇ ಮುಹೂರ್ತಕ್ಕೆ ಹಸು ಯಾರೂ ಕರೆಯುವ ಮೊದಲೇ ಒಳನುಗ್ಗಿ, ನಡುಮನೆಯಲ್ಲಿ ಸಗಣಿ ಹಾಕಿ, ಗೋಡೆಯನ್ನೊಮ್ಮೆ ನೆಕ್ಕಿ ಹೊರಬಂದಿತು. ಇದಕ್ಕಿಂತ ಒಳ್ಳೆಯ ಶಕುನ ಯಾರೂ ಕಂಡಿರಲಿಲ್ಲ.

ಮಧ್ಯಾಹ್ನ ನೆಂಟರೆಲ್ಲ ಹೋದ ಮೇಲೆ ಮಲ್ಲಿಕಾಂಬ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದರು. ಗಂಗಾಧರಯ್ಯ ಪಕ್ಕದಲ್ಲಿ ಕೂತು ಕಿವಿಗೊಟ್ಟರು. ಸುಯ್ ಎನ್ನುವ ಸದ್ದಿಲ್ಲ. ಅವರ ಕಣ್ಣು ತುಂಬಿತು.

“ಏನ್ ನೋಡ್ತಿದ್ದೀರಿ?” ಎಂದು ಕಣ್ಣು ತೆರೆಯದೆಯೇ ಕೇಳಿದರು ಮಲ್ಲಿಕಾಂಬ.

“ಗೇಟಿಗೆ ಇನ್ನೂ ಬಣ್ಣ ಹೊಡೆಸಿಲ್ಲ. ಯಾವ್ದು ಹೊಡ್ಸೋಣ, ನೀನೇ ಹೇಳು ಕಣೇ.”

ಮಲ್ಲಿಕಾಂಬ ನಗುತ್ತಾ ಮಗ್ಗುಲು ಬದಲಿಸಿದರು.

“ನನ್ನೇನ್ ಕೇಳ್ತೀರಿ? ಆ ಹಸೂನ್ನ ಕೇಳ್ಕಂಡ್ ಬನ್ನಿ.”